ಇಂಡಿಕೇಟರ್ ಸದಾ ಉರಿಯಲಿ, ಆದರೆ ಮಿನುಗೋದೂ ಕಾಣಲಿ

ಕಬ್ಬಿನ ಸೀಸನ್‌ನಲ್ಲಿ ಹುಮನಾಬಾದಿನಿಂದ ಕಲಬುರಗಿಗೆ ರಾತ್ರಿ ಬೈಕ್ ಮೇಲೆ ಬಂದವರಿಗೆ ಇದು ಗೊತ್ತು. ಎದುರಿಗೆ ಒಂದೇ ಒಂದು ಲೈಟ್ ಬರುತ್ತಿರುತ್ತದೆ. ಬೈಕ್ ಇರಬೇಕು ಅಂತ ಸ್ವಲ್ಪ ಪಕ್ಕಕ್ಕೆ ಸರಿಯುತ್ತೇವೆ. ಹತ್ತಿರ ಬಂದಾಗ ನೋಡಿದರೆ ಒಂದು ಬಲ್ಬ್ ಹೋದ ಟ್ರ್ಯಾಕ್ಟರ್! ನಮ್ಮ ಬೈಕೂ ಎದುರಿನವರಿಗೆ ಬರೀ ಒಂದು ಚುಕ್ಕೆ ಅಲ್ವಾ? ದೂರ ಇದೆಯೋ ಹತ್ತಿರ ಬಂತೋ ತಿಳಿಯೋದಿಲ್ಲ. ಎರಡು ಲೈಟ್ ಇದ್ದರೆ ನಡುವಿನ ಜಾಗ ಅಗಲವಾಗುತ್ತಾ ಬರೋದನ್ನು ಕಣ್ಣು ತಾನೇ ಅಳೆಯುತ್ತದೆ.

ಅದಕ್ಕೇ ಮುಂದಿನ ಎರಡು ಇಂಡಿಕೇಟರ್‌ಗಳನ್ನು ರನ್ನಿಂಗ್ ಲೈಟ್ ಮಾಡಿಸಿದೆ. ಗಾಡಿ ಚಾಲೂ ಇರುವಷ್ಟು ಹೊತ್ತೂ ಎರಡೂ ಹಳದಿಯಾಗಿ, ಮಂದವಾಗಿ ಉರಿಯಬೇಕು. ಸಿಗ್ನಲ್ ಹಾಕಿದಾಗ ಆ ಕಡೆಯದು ಜೋರಾಗಿ ಮಿನುಗಬೇಕು. ಹಳೇ ಬುಲೆಟ್‌ನ ಹೆಡ್‌ಲೈಟ್ ಮೇಲೆ ಎರಡು ಪುಟ್ಟ ಪೈಲಟ್ ಲೈಟ್ ಇರುತ್ತವಲ್ಲ, ಹಾಗೆ ಎರಡು ಚುಕ್ಕೆ ಕಾಣಬೇಕು. 2017ರ ಏಪ್ರಿಲ್‌ನಿಂದ ಹೊಸ ಬೈಕುಗಳ ಹೆಡ್‌ಲೈಟ್ ಹಗಲೂ ಉರಿಯುತ್ತದೆ. ಒಳ್ಳೆಯದೇ, ಆದರೆ ಅದೂ ಒಂದೇ ಚುಕ್ಕೆ.

ಮೊದಲ ಸಲ ಕೆಲಸ ಕೆಟ್ಟಿತು. ಮಿಸ್ತ್ರಿ ಪಾರ್ಕಿಂಗ್ ಲೈಟಿನ ವೈರನ್ನು ನೇರ ಇಂಡಿಕೇಟರ್ ವೈರುಗಳಿಗೇ ಸುತ್ತಿ ಟೇಪ್ ಹಾಕಿಬಿಟ್ಟ. "ಆಯ್ತು ನೋಡ್ರಿ ಅಣ್ಣಾ" ಅಂದ. ಮರುದಿನ ಸಂಜೆ ಕಲಬುರಗಿಯ ರಾಮಮಂದಿರ ಸರ್ಕಲ್ ಹತ್ತಿರ ಬಲಕ್ಕೆ ತಿರುಗಲು ಸ್ವಿಚ್ ಒತ್ತಿದೆ. ಹಿಂದಿನ ಆಟೋ ನನ್ನ ಮೊಣಕಾಲಿಗೆ ತಾಗುವಷ್ಟು ಹತ್ತಿರ ಬಂದು ಕಿರ್ ಅಂತ ನಿಂತಿತು. "ಸಿಗ್ನಲ್ ಹಾಕಲಾರ್ದೆ ಹ್ಯಾಂಗ ತಿರುಗತೀರಿ ಅಣ್ಣಾ?" ಅಂದ ಡ್ರೈವರ್. "ಹಾಕೀನಲ್ರಿ!" ಅಂದೆ. ಪಕ್ಕಕ್ಕೆ ನಿಲ್ಲಿಸಿ ನೋಡಿದರೆ ನಾಲ್ಕೂ ಉರಿಯುತ್ತಿದ್ದವು, ಒಂದೂ ಮಿನುಗುತ್ತಿರಲಿಲ್ಲ. ಇಂಡಿಕೇಟರ್‌ಗೆ ಕರೆಂಟನ್ನು ಬಿಟ್ಟು ಬಿಟ್ಟು ಕೊಟ್ಟು ಮಿನುಗಿಸೋದು ರಿಲೇ ಅನ್ನೋ ಪುಟ್ಟ ಡಬ್ಬಿ; ಮೊದಲೇ ಪೂರಾ ಕರೆಂಟ್ ಇರುವ ಬಲ್ಬನ್ನು ಅದು ಹೇಗೆ ಮಿನುಗಿಸೀತು? ಇಂಡಿಕೇಟರ್ ಪ್ಲಾಸ್ಟಿಕ್ ಮುಟ್ಟಿದೆ, ಚುರ್ ಅಂತು. 10 ವ್ಯಾಟಿನ ಬಲ್ಬ್ ಬಿಟ್ಟು ಬಿಟ್ಟು ಮಿನುಗಲಿಕ್ಕೆ ಇರೋದು, ಗಂಟೆಗಟ್ಟಲೆ ಉರಿಯಲಿಕ್ಕಲ್ಲ. ಮನೆ ಮುಟ್ಟುವವರೆಗೆ ಕೈ ತೋರಿಸಿಕೊಂಡೇ ಬಂದೆ.

ಸರಿಯಾಗಿ ಮಾಡಿಸೋದು ಕಷ್ಟವೇನಲ್ಲ. ಮೂರು ವೈರಿನ ಎಲ್‌ಇಡಿ ಇಂಡಿಕೇಟರ್ ತನ್ನಿ. ಒಂದು ಅರ್ಥಿಂಗ್, ಒಂದು ರನ್ನಿಂಗ್, ಒಂದು ಸಿಗ್ನಲ್. ರನ್ನಿಂಗ್ ವೈರ್ ಮಾತ್ರ ಪಾರ್ಕಿಂಗ್ ಲೈನಿಗೆ ಹೋಗಬೇಕು. ವೈರಿನ ಬಣ್ಣ ನಂಬಬೇಡಿ, ಕರೆಂಟ್ ಇದ್ದರೆ ಉರಿಯುವ ಟೆಸ್ಟ್ ಲ್ಯಾಂಪ್ ಹಚ್ಚಿ ನೋಡಿ. ಎಲ್‌ಇಡಿ ಕಡಿಮೆ ಕರೆಂಟ್ ಎಳೆಯುತ್ತದೆ. ಹಳೇ ರಿಲೇ ಅದನ್ನು ಬಲ್ಬ್ ಹೋಗಿದೆ ಅಂತ ತಿಳಿದು ಟಕಟಕ ಓಡುತ್ತದೆ. ನಿಯಮದಲ್ಲಿ ನಿಮಿಷಕ್ಕೆ 60ರಿಂದ 120 ಸಲ ಮಿನುಗಬೇಕು ಅಂತಿದೆ. ಹಾಗಾಗಿ ಎಲ್‌ಇಡಿ ರಿಲೇ ಹಾಕಿಸಿ. ಮೀಟರಿನಲ್ಲಿ ಎಡ ಬಲ ಎರಡಕ್ಕೂ ಒಂದೇ ಲೈಟ್ ಇರುವ ಗಾಡಿಯಾದರೆ, ಆ ಪುಟ್ಟ ಬಲ್ಬಿನ ಮೂಲಕವೇ ಕರೆಂಟ್ ಆಚೆ ಕಡೆಗೆ ಹರಿದು ನಾಲ್ಕೂ ಮಿನುಗಬಹುದು. ಅಲ್ಲಿ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಎರಡು ಡಯೋಡ್ ಬೇಕು.

ಹುಡುಗರಿಗೆ ಒಂದು ಮಾತು ಖಡಕ್ಕಾಗಿ ಹೇಳುತ್ತೇನೆ. ಗಾಡಿಯ ಮುಂದೆ ಕೆಂಪು, ನೀಲಿ ಲೈಟ್ ಪಟ್ಟಿ ಬೇಡವೇ ಬೇಡ. ಕತ್ತಲಲ್ಲಿ ಕೆಂಪು ಕಂಡರೆ ಎದುರಿನವನು ಅದು ಗಾಡಿಯ ಹಿಂಭಾಗ ಅಂದುಕೊಳ್ಳುತ್ತಾನೆ. ಕಂಪನಿ ಕೊಟ್ಟ ಗಾಡಿ ಬದಲಿಸಲು ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಲ್ಲಿ ಮಿತಿ ಇದೆ. ಮೊದಲು ಆರ್‌ಟಿಒ ಆಫೀಸಿನಲ್ಲಿ ಕೇಳಿಕೊಳ್ಳಿ. ಅಮೆರಿಕದಲ್ಲಿ ಮಾರುವ ಎಷ್ಟೋ ಬೈಕುಗಳಿಗೆ ಮುಂದಿನ ಇಂಡಿಕೇಟರ್ ಹೀಗೆ ಉರಿಯುವಂತೆ ಕಂಪನಿಯೇ ಕೊಡುತ್ತದೆ. ನಮ್ಮ ನೂರು, ನೂರಿಪ್ಪತ್ತೈದು ಸಿಸಿ ಗಾಡಿಗಳಿಗೂ ಹಾಗೆಯೇ ಕೊಡಲಿ. ಹಳ್ಳಿಯಿಂದ ಊರಿಗೆ ರಾತ್ರಿ ಓಡಾಡುವವರು ಅಂಥ ಗಾಡಿಗಳ ಮೇಲೇ ಜಾಸ್ತಿ.

ಎರಡನೇ ಸಲ ಕೆಲಸ ಮುಗಿದ ಸಂಜೆ ಮಗಳನ್ನು ಓಣಿಯ ಆ ತುದಿಗೆ ನಿಲ್ಲಿಸಿದೆ. ರನ್ನಿಂಗ್ ಲೈಟ್ ಉರಿಯುತ್ತಿತ್ತು. ಸ್ವಿಚ್ ಒತ್ತಿ "ಯಾವ ಕಡಿ ಹೇಳವ್ವಾ" ಅಂತ ಕೂಗಿದೆ. "ಬಲಕ್ಕ ಅಪ್ಪಾ!" ಅಂದಳು. ಮತ್ತೆ ಒತ್ತಿದೆ. "ಈಗ ಎಡಕ್ಕ!"