ಗುಡ್ಡ ಗೆದ್ದರು, ಇಳಿದು ಹೋದರು

ಎಲ್ಲೇ ಯುದ್ಧ ಶುರುವಾದರೂ ಟಿವಿಯಲ್ಲಿ ಒಂದೇ ಲೆಕ್ಕ. ಯಾರ ಹತ್ತಿರ ಎಷ್ಟು ವಿಮಾನ, ಎಷ್ಟು ಕ್ಷಿಪಣಿ. ಆ ಲೆಕ್ಕವೇ ನಿಜವಾಗಿದ್ದರೆ ಅಮೆರಿಕ ವಿಯೆಟ್ನಾಂನಲ್ಲಿ ಸೋಲಲೇಬಾರದಿತ್ತು. 1969ರಲ್ಲಿ ಅಲ್ಲಿ ಅವರ ಐದು ಲಕ್ಷಕ್ಕೂ ಜಾಸ್ತಿ ಸೈನಿಕರಿದ್ದರು. ಆದರೂ ಯಾಕೆ ಸೋತರು ಅಂತ ಯೋಚಿಸಿದಾಗೆಲ್ಲ ನನಗೆ ಒಂದು ಗುಡ್ಡ ನೆನಪಾಗುತ್ತದೆ.

ಲಾವೋಸ್ ಗಡಿಯ ಹತ್ತಿರ, ಎ ಶಾವ್ ಕಣಿವೆಯಲ್ಲಿದೆ ಅದು. ವಿಯೆಟ್ನಾಮೀಯರಿಗೆ ಅದು ಡಾಂಗ್ ಆಪ್ ಬಿಯಾ. ಅಮೆರಿಕದ ಸೇನೆಗೆ ಬರೀ 'ಹಿಲ್ 937', ಯಾಕೆಂದರೆ ಎತ್ತರ 937 ಮೀಟರ್. ಕಾದಾಡಿದ ಹುಡುಗರು ಮಾತ್ರ ಹ್ಯಾಂಬರ್ಗರ್ ಹಿಲ್ ಅಂದರು. ಮನುಷ್ಯರು ಖೀಮಾ ಆಗುವ ಜಾಗ ಅಂತ.

1969ರ ಮೇ 10ಕ್ಕೆ ಶುರುವಾಯಿತು. ಮಳೆ, ಕೆಸರು, ಮೇಲಿನ ಬಂಕರುಗಳಿಂದ ಉತ್ತರ ವಿಯೆಟ್ನಾಂ ಸೈನಿಕರ ಗುಂಡು. ಹತ್ತಿದರು, ಜಾರಿದರು, ಮತ್ತೆ ಹತ್ತಿದರು. ಮೇ 20ಕ್ಕೆ ತುದಿ ಸಿಕ್ಕಿತು. ಅಷ್ಟರಲ್ಲಿ ಅಮೆರಿಕದ ಕಡೆ ಸುಮಾರು 70 ಜನ ಸತ್ತಿದ್ದರು. ಎದುರಾಳಿಗಳು ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಜೂನ್ 5ಕ್ಕೆ ಅಮೆರಿಕದ ಸೇನೆ ಗುಡ್ಡ ಬಿಟ್ಟು ಹೊರಟಿತು. ಅವರಿಗೆ ಆ ಜಾಗ ಬೇಕಿರಲೇ ಇಲ್ಲ, ಶತ್ರುವನ್ನು ಕೊಲ್ಲುವುದಷ್ಟೇ ಬೇಕಿತ್ತು. ಕೆಲವೇ ವಾರದಲ್ಲಿ ಉತ್ತರ ವಿಯೆಟ್ನಾಂ ಸೈನಿಕರು ಅಲ್ಲಿಗೆ ವಾಪಸ್ ಬಂದರು.

ಜೂನ್ 8ಕ್ಕೆ ಅಧ್ಯಕ್ಷ ನಿಕ್ಸನ್ 25,000 ಸೈನಿಕರನ್ನು ವಾಪಸ್ ಕರೆಸುವುದಾಗಿ ಹೇಳಿದರು. ಅದೇ ತಿಂಗಳ ಕೊನೆಗೆ 'ಲೈಫ್' ಪತ್ರಿಕೆ ಒಂದೇ ವಾರದಲ್ಲಿ ಸತ್ತ 242 ಅಮೆರಿಕನ್ ಸೈನಿಕರನ್ನು ಲೆಕ್ಕ ಹಾಕಿ, ಅವರಲ್ಲಿ 217 ಜನರ ಫೋಟೊ ಸಾಲಾಗಿ ಹಾಕಿತು. ಹೆಚ್ಚಿನವರು ಇನ್ನೂ ಮೀಸೆ ಬಲಿಯದ ಹುಡುಗರು. ಆ ಪುಟ ನೋಡಿದ ತಾಯಿ 'ಯಾಕೆ?' ಅಂತ ಕೇಳದೆ ಇರುತ್ತಾಳಾ?

ರಾಜಕಾರಣಿಗಳು ಸೇನೆಯ ಕೈ ಕಟ್ಟಿಹಾಕಿದರು, ಇಲ್ಲದಿದ್ದರೆ ಗೆಲ್ಲುತ್ತಿದ್ದರು ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ವಿಯೆಟ್ನಾಂ, ಲಾವೋಸ್, ಕಾಂಬೋಡಿಯಾ ಮೂರೂ ಸೇರಿ ಅಲ್ಲಿ ಬಿದ್ದ ಬಾಂಬು ಎರಡನೇ ಮಹಾಯುದ್ಧದಲ್ಲಿ ಅಮೆರಿಕ ಹಾಕಿದ್ದಕ್ಕಿಂತ ಜಾಸ್ತಿ. ಇನ್ನೇನು ಮಾಡಬೇಕಿತ್ತು?

ನನ್ನ ಪ್ರಕಾರ ಸೋಲು ಕ್ಯಾಲೆಂಡರಿನಲ್ಲೇ ಇತ್ತು. ಅಮೆರಿಕದ ಸಾಮಾನ್ಯ ಸೈನಿಕ ಅಲ್ಲಿರುತ್ತಿದ್ದದ್ದು ಒಂದು ವರ್ಷ. ಬಂದ ದಿನದಿಂದಲೇ ಮನೆಗೆ ಹೋಗಲು ಎಷ್ಟು ದಿನ ಬಾಕಿ ಅಂತ ಎಣಿಸುತ್ತಿದ್ದ. ತುಕಡಿ ನಡೆಸುವ ಅಧಿಕಾರಿ ಎಷ್ಟೋ ಸಲ ಆರೇ ತಿಂಗಳಿಗೆ ಬದಲಾಗುತ್ತಿದ್ದ. ಯಾವ ಕಾಲುದಾರಿ ಎಲ್ಲಿಗೆ ಹೋಗುತ್ತದೆ, ಯಾವ ಹಳ್ಳಿಯವರು ಯಾಕೆ ಸುಮ್ಮನಿದ್ದಾರೆ ಅಂತ ತಿಳಿಯುವ ಹೊತ್ತಿಗೆ ಅವನ ಗಂಟುಮೂಟೆ ಕಟ್ಟಿಯಾಗಿರುತ್ತಿತ್ತು. ಹೊಸಬ ಬಂದು ಮತ್ತೆ ಮೊದಲಿಂದ ಶುರು. ಅವರನ್ನು ದೂಷಿಸಲು ನನಗೆ ಮನಸ್ಸಿಲ್ಲ. ಮನೆಗೆ ಹೋಗಬೇಕು ಅನ್ನಿಸುವುದು ತಪ್ಪಲ್ಲ ಅಲ್ವಾ?

ಉತ್ತರದಿಂದ ಕಾಡುದಾರಿ ಹಿಡಿದು ನಡೆದು ಬಂದವನಿಗೆ ಅಂಥ ತಾರೀಖೇ ಇರಲಿಲ್ಲ. ಯುದ್ಧ ಮುಗಿಯಬೇಕು, ಇಲ್ಲವೇ ಅವನು ಮುಗಿಯಬೇಕು. ಹಾಗೆ ಮುಗಿದವರು ಲಕ್ಷಗಟ್ಟಲೆ. 1975ರಲ್ಲಿ ದಕ್ಷಿಣ ವಿಯೆಟ್ನಾಂ ರಾಜಧಾನಿ ಸೈಗಾನ್ ಬಿದ್ದು ಅರ್ಧ ಶತಮಾನವೇ ಕಳೆಯಿತು. ಗೆದ್ದ ಆ ದೇಶದಲ್ಲಿ ಎಷ್ಟೋ ಮನೆಯವರು ತಮ್ಮ ಹುಡುಗನ ಮೂಳೆ ಯಾವ ಗುಡ್ಡದಲ್ಲಿದೆ ಅಂತ ಇವತ್ತಿಗೂ ಹುಡುಕುತ್ತಿದ್ದಾರೆ.