ಮೈಸೂರು ಪಾಕಿಗೆ ಬೀಗ, ಸೀರೆಗೆ ಸರ್ಕಾರದ ಮುದ್ರೆ

2020ರಲ್ಲಿ ಕೊಯಮತ್ತೂರಿನ ಸಿಹಿ ಅಂಗಡಿಯೊಂದು ಕೊರೊನಾ ವಾಸಿ ಮಾಡುತ್ತದೆಂದು ಹೇಳಿ ಮೈಸೂರು ಪಾಕನ್ನು ಕೆ.ಜಿ.ಗೆ 800 ರೂಪಾಯಿಯಂತೆ ಮಾರಿ ಬೀಗ ಜಡಿಸಿಕೊಂಡಿತು. ಅದೇ ವರ್ಷ ಮಧ್ಯಪ್ರದೇಶ ಸರ್ಕಾರವೇ, ಉಟ್ಟರೆ ರೋಗನಿರೋಧಕ ಶಕ್ತಿ ಹೆಚ್ಚುತ್ತದೆಂಬ ಇಮ್ಯುನಿಟಿ ಸೀರೆ ಮಾರಾಟಕ್ಕಿಟ್ಟಿತು. ಪಾಪ, ಮಿಠಾಯಿಯವನಿಗೆ ಕೈಮಗ್ಗ ಇರಲಿಲ್ಲ.

ಇಮ್ಯುನಿಟಿ 'ಬೂಸ್ಟ್' ಆದರೆ ಹೇಗಿರುತ್ತದೆಂದು ತಿಳಿಯಲು ಬೆರಳಿಗೊಂದು ಜಾಲಿಮುಳ್ಳು ಸಾಕು. ಚರ್ಮದಡಿ ಕಾವಲಿರುವ ಮ್ಯಾಕ್ರೊಫೇಜ್ ಎಂಬ ಕೋಶ ಬ್ಯಾಕ್ಟೀರಿಯಾದ ಗುರುತು ಹಿಡಿದು ಟಿಎನ್‌ಎಫ್, ಐಎಲ್-1, ಐಎಲ್-6 ಎಂಬ, ಅಪಾಯದ ಸುದ್ದಿ ಸಾರುವ ಸೈಟೊಕೈನ್‌ಗಳನ್ನು ಉಗುಳುತ್ತದೆ. ಮಾಸ್ಟ್ ಕೋಶ ಹಿಸ್ಟಮಿನ್ ಎಂಬ ರಾಸಾಯನಿಕ ಸುರಿಯುತ್ತದೆ. ರಕ್ತನಾಳ ಹಿಗ್ಗಿ, ಸೋರಿ, ಬೆರಳು ಕೆಂಪಗೆ ಊದಿಕೊಳ್ಳುತ್ತದೆ. ಉರಿಯೂತ ಎಂದರೆ ಇದೇ. ನಾಳದ ಒಳಗೋಡೆಯಲ್ಲಿ ಸೆಲೆಕ್ಟಿನ್ ಎಂಬ ಅಂಟು ಮೂಡಿ, ರಕ್ತದಲ್ಲಿ ಓಡುತ್ತಿದ್ದ, ಬಿಳಿ ರಕ್ತಕಣಗಳಾದ ನ್ಯೂಟ್ರೊಫಿಲ್‌ಗಳು ಉರುಳಿ, ನಿಂತು, ಗೋಡೆಯ ಸಂದಿಯಲ್ಲಿ ನುಸುಳಿ, ಐಎಲ್-8 ಎಂಬ ಇನ್ನೊಂದು ಸೈಟೊಕೈನ್ ಜಾಡು ಹಿಡಿದು ಮುಳ್ಳಿನತ್ತ ನುಗ್ಗುತ್ತವೆ. ಐಎಲ್-6 ಲಿವರ್‌ಗೆ ಹೋಗಿ, ಉರಿಯೂತದ ಗುರುತಾದ ಸಿಆರ್‌ಪಿ ಮಾಡಿಸುತ್ತದೆ. ಲ್ಯಾಬಿನವರು ಅಳೆಯುವುದು ಅದನ್ನೇ. ಸುದ್ದಿ ಮಿದುಳಿಗೂ ಮುಟ್ಟಿ, ಅಲ್ಲಿ ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕ ಹೆಚ್ಚಿ ಜ್ವರ ಬರುತ್ತದೆ. ಬೂಸ್ಟರ್ ಗಿರಾಕಿ ತಕ್ಷಣ ಪ್ಯಾರಾಸಿಟಮಾಲ್ ನುಂಗಿ ಅದನ್ನು ಇಳಿಸುತ್ತಾರೆ.

ಇದೇ ಗಲಾಟೆ ಬೆರಳು ಬಿಟ್ಟು ಶ್ವಾಸಕೋಶವನ್ನೆಲ್ಲ ಹಿಡಿದರೆ? ಅಲ್ಲಿನ ನಾಳಗಳೂ ಸೋರಿ ಗಾಳಿಗೂಡಿಗೆ ನೀರು ತುಂಬುತ್ತದೆ. ಕೋವಿಡ್‌ನಲ್ಲಿ ಎಷ್ಟೋ ಜನರನ್ನು ಮುಳುಗಿಸಿದ್ದು ಬೂಸ್ಟಿನ ಕೊರತೆಯಲ್ಲ, ಈ ಅತಿರೇಕ. ಅದಕ್ಕೇ 2020ರ ಜೂನ್‌ನಲ್ಲಿ ಬ್ರಿಟನ್ನಿನ ರಿಕವರಿ ಎಂಬ ಔಷಧ ಪರೀಕ್ಷೆ ಎತ್ತಿ ಹಿಡಿದದ್ದು ಇಮ್ಯುನಿಟಿ ತಗ್ಗಿಸುವ ಅಗ್ಗದ ಸ್ಟೀರಾಯ್ಡ್ ಡೆಕ್ಸಮೆಥಸೋನ್ ಅನ್ನು: ದಿನಕ್ಕೆ 6 ಮಿ.ಗ್ರಾಂ, ಹೆಚ್ಚೆಂದರೆ 10 ದಿನ. ವೆಂಟಿಲೇಟರ್‌ನಲ್ಲಿದ್ದವರ ಸಾವು ಸುಮಾರು ಮೂರನೇ ಒಂದರಷ್ಟು ಇಳಿಯಿತು. ಆಮ್ಲಜನಕ ಬೇಡದವರಿಗೆ ಲಾಭವಿರಲಿಲ್ಲ. ವಾಟ್ಸಾಪ್ ವೈದ್ಯರು ಮಾತ್ರ ಕಾಯಿಲೆಯ ಎರಡನೇ ದಿನವೇ ಶುರು ಮಾಡಿಸಿದರು. ವೈರಸ್‌ಗೆ ಕಾವಲು ತಪ್ಪಿತು, ಸಕ್ಕರೆ ಏರಿತು, 2021ರಲ್ಲಿ ಕಪ್ಪು ಶಿಲೀಂಧ್ರಕ್ಕೆ ಹಾಸಿಗೆ ಹಾಸಿದಂತಾಯಿತು.

ಆ ಬೇಸಿಗೆಯ ಚಿತ್ರ ನೋಡಿ: ಒಲೆಯ ಮೇಲೆ ಇಮ್ಯುನಿಟಿ ಏರಿಸುವ ಕಷಾಯ ಕುದಿಯುತ್ತಿದೆ. ಪಕ್ಕದಲ್ಲೇ ಫೋನ್ ಹಿಡಿದವರು, ಐಎಲ್-6ರ ಬಾಯಿ ಕಟ್ಟುವ ಟೊಸಿಲಿಜುಮ್ಯಾಬ್ ಇಂಜೆಕ್ಷನ್ ಎಲ್ಲಾದರೂ ಸಿಗುತ್ತದಾ ಎಂದು ಗೋಗರೆಯುತ್ತಿದ್ದಾರೆ.

ಈಗಲೂ ಅಂಗಡಿಯಲ್ಲಿ ಡಬ್ಬಿ ತಿರುಗಿಸಿ ಓದಿ. ಮುಂದೆ 'ರೋಗನಿರೋಧಕ ಶಕ್ತಿ ಹೆಚ್ಚಿಸುತ್ತದೆ', ಹಿಂದೆ 'ಉರಿಯೂತ ತಗ್ಗಿಸುತ್ತದೆ'. ಒಂದೇ ಮಾತ್ರೆಯಲ್ಲಿ ಆಕ್ಸಿಲರೇಟರೂ ಬ್ರೇಕೂ! ಅಮೃತಬಳ್ಳಿ ಕುಡಿದ ಕೆಲವರ ಲಿವರ್ ಮೇಲೆ ಸ್ವಂತ ಇಮ್ಯುನಿಟಿಯೇ ತಿರುಗಿಬಿದ್ದಂತಿದ್ದ ಪ್ರಕರಣಗಳನ್ನು ಮುಂಬೈ ವೈದ್ಯರು 2021ರಲ್ಲಿ ವರದಿ ಮಾಡಿದರು. ಅದು ಡಬ್ಬಿಯ ಯಾವ ಬದಿಯಲ್ಲೂ ಇಲ್ಲ.

ಅಂದಹಾಗೆ, ಲಸಿಕೆ ಹಾಕಿಸಿಕೊಂಡ ರಾತ್ರಿ ಮೈ ಕಾದು ತೋಳು ನೋಯಿಸಿದ್ದೂ ಇದೇ ಸೈಟೊಕೈನ್‌ಗಳು. ಇಮ್ಯುನಿಟಿ ನಿಜಕ್ಕೂ ಕೆಲಸಕ್ಕಿಳಿದ ಆ ಒಂದು ರಾತ್ರಿ, ಕಷಾಯದ ಲೋಟ ಹಿಡಿದವರೇ 'ಅಯ್ಯೋ, ಸೈಡ್ ಎಫೆಕ್ಟು!' ಎಂದು ಬೀದಿಗೆಲ್ಲ ಕೇಳುವಂತೆ ನರಳಿದ್ದರು.