ಹಳೆಯ ಯುದ್ಧವಿಮಾನದ ಜಾತಕ ಊರಿಗೆಲ್ಲ ಗೊತ್ತಿರಬೇಕೇ?

ದೊಡ್ಡ ದೇಶಗಳು ಬಳಸಿ ಬಿಟ್ಟ ಯುದ್ಧವಿಮಾನಗಳನ್ನು ದುರಸ್ತಿ ಮಾಡಿಸಿ ಹಾರಿಸುವ ಸಣ್ಣ ವಾಯುಪಡೆಗಳು ಹತ್ತಾರಿವೆ. ಅವು ಯಾರ ಕೈಯಿಂದ ಯಾರ ಕೈಗೆ ಹೋದವು, ಈಗ ಹಾರುತ್ತಿವೆಯೇ ಅಥವಾ ಮೂಲೆ ಸೇರಿವೆಯೇ ಎಂದು ಒಂದೊಂದರ ಸಂಖ್ಯೆ ಹಿಡಿದು ಲೆಕ್ಕ ಇಟ್ಟು, ಎಲ್ಲರಿಗೂ ಕಾಣುವಂತೆ ಪ್ರಕಟಿಸುವ ಹವ್ಯಾಸಿಗಳೂ ಜಗತ್ತಿನ ತುಂಬ ಇದ್ದಾರೆ. ಈ ಕೆಲಸ ಸರಿಯೇ?

ಪರ: ಮುಚ್ಚಿಟ್ಟರೆ ಲಾಭ ದಲ್ಲಾಳಿಗೆ

ನಮ್ಮದೇ ವಿಮಾನಗಳಿಂದ ಶುರು ಮಾಡೋಣ. ಪುಣೆಯ ಲೋಹೆಗಾಂವ್ ನೆಲೆಗೆಂದು 1997ರಲ್ಲಿ ಎಂಟು, 1999ರಲ್ಲಿ ಹತ್ತು ಸುಖೋಯ್-30ಕೆ ವಿಮಾನಗಳು ಬಂದವು. ಅವಕ್ಕಿಂತ ಎಷ್ಟೋ ಮೇಲಾದ ಎಂಕೆಐ ಮಾದರಿ ಕೈಗೆ ಬಂದ ಮೇಲೆ ಆ ಹದಿನೆಂಟನ್ನೂ ರಷ್ಯಾದವರಿಗೆ ವಾಪಸು ಕೊಟ್ಟೆವು. ಅವು ಬೆಲಾರುಸ್‌ನ ಬಾರಾನೋವಿಚಿಯಲ್ಲಿರುವ ದುರಸ್ತಿ ಕಾರ್ಖಾನೆಯಲ್ಲಿ ವರ್ಷಗಟ್ಟಲೆ ಗಿರಾಕಿಗಾಗಿ ಕಾದು ನಿಂತವು. ಕೊನೆಗೆ ಹನ್ನೆರಡು ವಿಮಾನಗಳು ಹೊಸ ಬಣ್ಣ ಬಳಿಸಿಕೊಂಡು ಅಂಗೋಲಾಕ್ಕೆ ಹೋದವು. ನಮ್ಮ ತೆರಿಗೆ ಹಣದಲ್ಲಿ ಬಂದ ವಿಮಾನಗಳ ಮುಂದಿನ ಬದುಕಿನ ಈ ಕಥೆಯನ್ನು ತುಂಡುತುಂಡಾಗಿ ಜೋಡಿಸಿದವರಲ್ಲಿ ಬೇಲಿಯಾಚೆ ಕ್ಯಾಮೆರಾ ಹಿಡಿದು ನಿಂತವರ ಪಾಲು ದೊಡ್ಡದು.

ಅವರ ಕೆಲಸದಲ್ಲಿ ಗೂಢಚರ್ಯೆ ಏನೂ ಇಲ್ಲ. ಬಾಲದ ಮೇಲಿನ ಸಂಖ್ಯೆ ದೇಶ ಬದಲಾದಾಗ ಬದಲಾಗುತ್ತದೆ, ಕಾರ್ಖಾನೆ ಕೊಟ್ಟ ತಯಾರಿಕೆಯ ಸಂಖ್ಯೆ ಬದಲಾಗುವುದಿಲ್ಲ. ಬಣ್ಣದ ಪಟ್ಟೆ ಎಲ್ಲಿ ತಿರುಗಿದೆ, ಆಂಟೆನಾ ಎಲ್ಲಿ ಕೂತಿದೆ, ತೇಪೆ ಎಲ್ಲಿ ಬಿದ್ದಿದೆ ಎಂಬುದನ್ನು ಹಳೆಯ ಫೋಟೊದ ಪಕ್ಕ ಹೊಸದನ್ನಿಟ್ಟು ನೋಡುತ್ತಾರೆ. ಅರಿಜೋನಾದ ಟೂಸಾನ್‌ನಲ್ಲಿ ಅಮೆರಿಕ ತನ್ನ ನಿವೃತ್ತ ವಿಮಾನಗಳನ್ನು ಮರುಭೂಮಿಯ ಒಣಹವೆಯಲ್ಲಿ ಸಾಲಾಗಿ ನಿಲ್ಲಿಸಿದೆ. ಇಂಡೊನೇಷ್ಯಾದ ಇಪ್ಪತ್ನಾಲ್ಕು ಎಫ್-16ಗಳು ಎದ್ದು ಬಂದದ್ದು ಅಲ್ಲಿಂದಲೇ. ಆ ಸಾಲಿನಲ್ಲಿ ಯಾವುದು ಖಾಲಿಯಾಯಿತು ಎಂದು ನೋಡಲು ಉಪಗ್ರಹ ಚಿತ್ರವೇ ಸಾಕು.

ಇಷ್ಟು ಕಷ್ಟ ಏಕೆ ಎಂದರೆ, ಹಳೆಯ ವಿಮಾನದ ಬೆಲೆ ನಿಂತಿರುವುದು ಅದರ ಚರಿತ್ರೆಯ ಮೇಲೆ. ಎಷ್ಟು ಗಂಟೆ ಹಾರಿದೆ, ಎಂಜಿನ್ ಕೊನೆಯ ಸಲ ಬಿಚ್ಚಿದ್ದು ಯಾವಾಗ, ರೆಕ್ಕೆಯ ಬುಡದ ಆಯುಷ್ಯ ಎಷ್ಟು ಉಳಿದಿದೆ ಎಂಬುದು ಹೊರಗಿನ ಹೊಳಪಿನಿಂದ ತಿಳಿಯುವುದಿಲ್ಲ. ಶ್ರೀಲಂಕಾ 2000ದಲ್ಲಿ ಉಕ್ರೇನಿನಿಂದ ಮಿಗ್-27 ಕೊಂಡಿತ್ತು. 2006ರಲ್ಲಿ ಅಲ್ಲಿಂದಲೇ ಇನ್ನೂ ನಾಲ್ಕು ಕೊಂಡಿತು. ಈ ನಾಲ್ಕು ಮೊದಲಿನವಕ್ಕಿಂತ ಹಳೆಯವು, ಬೆಲೆ ಮಾತ್ರ ಮೊದಲಿಗಿಂತ ಹೆಚ್ಚು ಎಂದು 2007ರಲ್ಲಿ ಕೊಲಂಬೊದ ‘ಸಂಡೇ ಲೀಡರ್’ ಪತ್ರಿಕೆ ಬರೆಯಿತು. ವ್ಯವಹಾರ ಹಗರಣವಾಗಿ ಕೋರ್ಟ್ ಮೆಟ್ಟಿಲೇರಿತು. ಒಂದೊಂದು ವಿಮಾನದ ವಯಸ್ಸು ಸಹಿ ಬೀಳುವ ಮುಂಚೆಯೇ ಬಹಿರಂಗವಾಗಿ ಗೊತ್ತಿದ್ದರೆ ಅಂಥ ಪ್ರಶ್ನೆ ಒಂದು ವರ್ಷ ತಡವಾಗಿ ಏಳುತ್ತಿರಲಿಲ್ಲ. ಕ್ರೊಯೇಷಿಯಾದಲ್ಲೂ ಇದೇ ಪಾಡು: ಉಕ್ರೇನಿನಲ್ಲಿ ದುರಸ್ತಿಯಾಗಿ ಬಂದ ಮಿಗ್-21ಗಳ ಕಾಗದಪತ್ರದ ಬಗ್ಗೆ ಅನುಮಾನ ಎದ್ದದ್ದು ವಿಮಾನಗಳು ಮನೆ ಸೇರಿದ ಮೇಲೆ.

ಇನ್ನು ಅರ್ಜೆಂಟೀನಾ. ಫ್ರಾನ್ಸ್ ನೌಕಾಪಡೆ ಬಿಟ್ಟ ಐದು ಸೂಪರ್ ಎತಾಂದಾರ್ ವಿಮಾನಗಳು 2019ರಲ್ಲಿ ಅಲ್ಲಿಗೆ ಬಂದು ಇಳಿದವು. ಅವುಗಳ ಎಜೆಕ್ಷನ್ ಸೀಟು (ಅಪಾಯ ಬಂದಾಗ ಪೈಲಟ್‌ನನ್ನು ವಿಮಾನದಿಂದ ಹೊರಕ್ಕೆ ಚಿಮ್ಮಿಸುವ ಆಸನ) ಬ್ರಿಟನ್ನಿನ ಮಾರ್ಟಿನ್-ಬೇಕರ್ ಕಂಪನಿಯದು. ಬ್ರಿಟನ್, ಅರ್ಜೆಂಟೀನಾ ನಡುವೆ ಫಾಕ್‌ಲ್ಯಾಂಡ್ಸ್ ಯುದ್ಧ ನಡೆದದ್ದು 1982ರಲ್ಲಿ, ಆದರೆ ಅರ್ಜೆಂಟೀನಾಕ್ಕೆ ಯುದ್ಧವಿಮಾನದ ಭಾಗ ಕೊಡಬಾರದೆಂಬ ಬ್ರಿಟನ್ನಿನ ಪಟ್ಟು ಸಡಿಲವಾಗಿರಲಿಲ್ಲ. ಸೀಟಿಗೆ ಬೇಕಾದ ಭಾಗ ಸಿಗದೆ ಆ ಐದೂ ಸೇವೆಯಲ್ಲಿ ಹಾರಲೇ ಇಲ್ಲ. ಕೊಂಡವರಿಗೆ ಇದು ಗೊತ್ತಿರಲಿಲ್ಲವೇ? ಗೊತ್ತಿದ್ದಿರಲೇಬೇಕು. ಗೊತ್ತಿಲ್ಲದೆ ಇದ್ದದ್ದು ದುಡ್ಡು ಕೊಟ್ಟ ಜನಕ್ಕೆ. ಕೊಂಡ ವಿಮಾನ ನೆಲ ಬಿಟ್ಟಿಲ್ಲ ಎಂದು ವರ್ಷವರ್ಷ ನೆನಪಿಸಲು ಯಾರಾದರೂ ಬೇಡವೇ?

ಸರ್ಕಾರಗಳೇ ಲೆಕ್ಕ ಕೊಡುತ್ತವೆ ಎನ್ನುವವರು ವಿಶ್ವಸಂಸ್ಥೆಯ ಶಸ್ತ್ರಾಸ್ತ್ರ ನೋಂದಣಿಯನ್ನು ತೋರಿಸುತ್ತಾರೆ. 1991ರ ನಿರ್ಣಯದಿಂದ ಹುಟ್ಟಿದ ಆ ಪುಸ್ತಕಕ್ಕೆ ಮಾಹಿತಿ ಕೊಡುವುದು ಆಯಾ ದೇಶದ ಇಷ್ಟ. 2013ರ ಜುಲೈನಲ್ಲಿ ಪನಾಮಾದ ಅಧಿಕಾರಿಗಳು ಕ್ಯೂಬಾದಿಂದ ಹೊರಟಿದ್ದ ಉತ್ತರ ಕೊರಿಯಾದ ಹಡಗೊಂದನ್ನು ತಡೆದಾಗ ಸಕ್ಕರೆ ಮೂಟೆಗಳ ಅಡಿಯಲ್ಲಿ ಎರಡು ಮಿಗ್-21, ಹದಿನೈದು ಎಂಜಿನ್ ಸಿಕ್ಕವು. ಹಳೆಯ ಸಾಮಾನು, ರಿಪೇರಿಗೆ ಕಳಿಸಿದ್ದೆವು, ವಾಪಸು ಬರುತ್ತಿತ್ತು ಎಂದಿತು ಕ್ಯೂಬಾ. ‘ರಿಪೇರಿ’ ಎಂಬ ಹೆಸರಿನಲ್ಲಿ ಏನೇನು ಸಾಗುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಇಂಥ ಪಟ್ಟಿ ಮಾಡುವುದೇ ದೇಶದ್ರೋಹ ಎನ್ನುವವರಿಗೂ ಉತ್ತರ ಇದೆ. 2001ರಲ್ಲಿ ಗ್ರೀಸ್‌ನ ಕಲಮಾಟಾದಲ್ಲಿ ವಿಮಾನದ ನಂಬರ್ ಬರೆದುಕೊಳ್ಳುತ್ತಿದ್ದ ಬ್ರಿಟಿಷ್ ಮತ್ತು ಡಚ್ ಹವ್ಯಾಸಿಗಳನ್ನು ಗೂಢಚಾರರೆಂದು ಹಿಡಿದರು. ಮರುವರ್ಷ ಶಿಕ್ಷೆಯೂ ಆಯಿತು, ಮೇಲ್ಮನವಿಯಲ್ಲಿ ಎಲ್ಲರೂ ಖುಲಾಸೆಯಾದರು. ರಸ್ತೆಯಲ್ಲಿ ನಿಂತವನಿಗೆ ಕಾಣುವುದು ಶತ್ರುವಿಗೂ ಕಾಣುತ್ತದೆ. ಹವ್ಯಾಸಿಯ ಪುಸ್ತಕ ಮುಚ್ಚಿಸಿದರೆ ಕಾಣದಂತಾಗುವುದು ಪ್ರಜೆಗೆ ಮಾತ್ರ.

ವಿರೋಧ: ಹತ್ತೇ ವಿಮಾನ ಇರುವವನ ಗುಟ್ಟು

ಪರ ವಾದ ಕೊಟ್ಟ ಉದಾಹರಣೆಗಳನ್ನೇ ತಿರುಗಿಸಿ ನೋಡಿ. ಶ್ರೀಲಂಕಾದ ಮಿಗ್ ಹಗರಣ ಹೊರಬಂದದ್ದು ಒಪ್ಪಂದದ ಕಾಗದ ಮತ್ತು ಹಣ ಹೋದ ದಾರಿ ಹಿಡಿದ ಪತ್ರಕರ್ತರಿಂದ. ಪನಾಮಾದಲ್ಲಿ ಸಕ್ಕರೆ ಮೂಟೆ ಎತ್ತಿಸಿದ್ದು ಮಾದಕವಸ್ತುವಿನ ಅನುಮಾನ. ಬಾಲದ ಸಂಖ್ಯೆ ಬರೆದುಕೊಂಡ ಯಾರೂ ಇವೆರಡನ್ನೂ ಹಿಡಿಯಲಿಲ್ಲ. ಫೋಟೊದಿಂದ ವಿಮಾನ ಯಾವುದೆಂದು ತಿಳಿಯುತ್ತದೆ, ಅದು ಎಷ್ಟು ಗಂಟೆ ಹಾರಿದೆ ಎಂದು ತಿಳಿಯುವುದಿಲ್ಲ. ಮೋಸ ಇರುವುದು ಆ ಗಂಟೆಗಳ ಪುಸ್ತಕದಲ್ಲಿ, ಅದು ಕಾರ್ಖಾನೆಯ ಬೀರುವಿನಲ್ಲಿರುತ್ತದೆ. ಅದನ್ನು ತೆರೆಸುವ ಅಧಿಕಾರ ಇರಬೇಕಾದದ್ದು ನಮ್ಮ ಸಿಎಜಿಯಂಥ ಲೆಕ್ಕಪರಿಶೋಧಕರಿಗೆ, ಸಂಸತ್ತಿನ ಸಮಿತಿಗೆ. ಅವರಿಗೆ ಹಲ್ಲು ಕೊಡಿ ಎಂದು ಕೇಳುವುದು ಬಿಟ್ಟು, ಬೇಲಿ ಪಕ್ಕದ ಕ್ಯಾಮೆರಾಕ್ಕೆ ಆ ಹೊಣೆ ಹೊರಿಸುವುದು ನನಗೆ ಅರ್ಥವಾಗದ ಮಾತು.

ಹಾನಿ ಮಾತ್ರ ನಿಜದ್ದು. ಭಾರತ 2021ರಲ್ಲಿ ಫ್ರಾನ್ಸ್‌ನಿಂದ ಹಳೆಯ ಮಿರಾಜ್-2000ಗಳನ್ನು ಮುಖ್ಯವಾಗಿ ಬಿಡಿಭಾಗಕ್ಕೆಂದು ಕೊಂಡ ಸುದ್ದಿ ಬಂದಾಗ ನಮಗೆ ನಷ್ಟವೇನೂ ಆಗಲಿಲ್ಲ. ನಮ್ಮದು ನೂರಾರು ಯುದ್ಧವಿಮಾನಗಳ ಪಡೆ. ಅದೇ ಶ್ರೀಲಂಕಾ 2021ರಲ್ಲಿ ಇಸ್ರೇಲಿನಲ್ಲಿ ತಯಾರಾದ ತನ್ನ ಕ್ಫಿರ್ ಯುದ್ಧವಿಮಾನಗಳನ್ನು ಮತ್ತೆ ಹಾರುವಂತೆ ಮಾಡಲು ಆ ದೇಶದೊಂದಿಗೆ 5 ಕೋಟಿ ಡಾಲರ್ ಒಪ್ಪಂದ ಮಾಡಿಕೊಂಡಾಗ ಅದರಲ್ಲಿದ್ದ ವಿಮಾನಗಳು ಐದು. ಐದರಲ್ಲಿ ಯಾವುದು ಆರು ತಿಂಗಳಿನಿಂದ ಕಾಣಿಸಿಕೊಂಡಿಲ್ಲ, ಯಾವುದರ ಎಂಜಿನ್ ಇನ್ನೊಂದಕ್ಕೆ ಹೋಗಿದೆ ಎಂದು ಪಟ್ಟಿ ಹಾಕಿದರೆ ಆ ದೇಶದ ವಾಯುರಕ್ಷಣೆಯ ಅಸಲು ಸ್ಥಿತಿಯನ್ನೇ ಬಿಚ್ಚಿಟ್ಟಂತೆ. ಇದು ಬರೀ ಊಹೆಯ ಭಯವಲ್ಲ. 2001ರ ಜುಲೈ 24ರಂದು ಎಲ್‌ಟಿಟಿಇ ಬಂಡುಕೋರರ ಪಡೆ ಶ್ರೀಲಂಕಾದ ಕಟುನಾಯಕೆ ವಾಯುನೆಲೆಗೆ ನುಗ್ಗಿ ಒಂದೇ ಬೆಳಗಿನ ಜಾವ ಕ್ಫಿರ್, ಮಿಗ್-27, ತರಬೇತಿ ವಿಮಾನಗಳನ್ನು ಸುಟ್ಟಿತು. ಸಣ್ಣ ಪಡೆಗೆ ಮೂರು ನಾಲ್ಕು ವಿಮಾನ ಹೋದರೆ ಹೋದದ್ದು ಪಡೆಯ ಅರ್ಧ ಬಲ.

ಶತ್ರುವಿಗೆ ಹೇಗೂ ಕಾಣುತ್ತದೆ ಎಂಬ ವಾದ ದೊಡ್ಡ ದೇಶದ ಶತ್ರುವಿಗೆ ಸರಿ. ಸಣ್ಣ ದೇಶದ ಎದುರಾಳಿ ಹಲವು ಸಲ ಉಪಗ್ರಹವಿಲ್ಲದ, ಗೂಢಚರ ಜಾಲವಿಲ್ಲದ ಬಂಡುಕೋರ ಗುಂಪು. ಹತ್ತು ವರ್ಷದ ಫೋಟೊಗಳನ್ನು ಸಾಲಾಗಿ ಜೋಡಿಸಿ, ದಿನಾಂಕ ಹಾಕಿ, ಪುಕ್ಕಟೆಯಾಗಿ ಕೈಗಿಟ್ಟರೆ ಅವರು ಬೇಡವೆನ್ನುತ್ತಾರೆಯೇ? ಬಿಡಿಬಿಡಿಯಾಗಿ ನಿರುಪದ್ರವಿಯಾದ ಚಿತ್ರ ಒಟ್ಟುಗೂಡಿದಾಗ ನಿರುಪದ್ರವಿ ಅಲ್ಲ.

ಕೊಡುವವರ ಕಷ್ಟವೂ ಇದೆ. 2022ರ ಫೆಬ್ರುವರಿ ಕೊನೆಗೆ ಉಕ್ರೇನಿಗೆ ಯುದ್ಧವಿಮಾನ ಕೊಡುತ್ತೇವೆಂದು ಐರೋಪ್ಯ ಒಕ್ಕೂಟದ ಕಡೆಯಿಂದ ಬಹಿರಂಗ ಘೋಷಣೆ ಆಯಿತು. ಪೋಲೆಂಡ್ ತನ್ನ ಮಿಗ್-29ಗಳನ್ನು ಜರ್ಮನಿಯ ಅಮೆರಿಕನ್ ನೆಲೆಗೆ ಕಳಿಸುತ್ತೇನೆಂದಿತು, ಅಮೆರಿಕ ಒಲ್ಲೆ ಎಂದಿತು. ಊರೆಲ್ಲ ಚರ್ಚೆಯಾದ ಮೇಲೆ ಯಾರೂ ಹೆಸರು ಹಚ್ಚಿಕೊಳ್ಳಲು ಸಿದ್ಧರಿರಲಿಲ್ಲ. ಪೋಲೆಂಡ್, ಸ್ಲೊವಾಕಿಯಾಗಳ ಮಿಗ್-29ಗಳು ಉಕ್ರೇನಿಗೆ ಹೋಗಲು 2023 ಬರಬೇಕಾಯಿತು. ಆ ನಡುವೆ ಸದ್ದಿಲ್ಲದೆ ಗಡಿ ದಾಟಿದ್ದು ಬಿಡಿಭಾಗಗಳು. 2022ರ ಏಪ್ರಿಲ್‌ನಲ್ಲಿ ಪೆಂಟಗನ್ ವಕ್ತಾರರು ಉಕ್ರೇನಿಗೆ ಇನ್ನಷ್ಟು ವಿಮಾನ ಬಂದಿವೆ ಎಂದರು. ಮರುದಿನ, ಇಡೀ ವಿಮಾನವಲ್ಲ, ಬಿಡಿಭಾಗ, ಅದರಿಂದ ನಿಂತಿದ್ದ ವಿಮಾನಗಳು ಹಾರುವಂತಾದವು ಎಂದು ತಿದ್ದಿಕೊಂಡರು. ಆ ಭಾಗಗಳು ಯಾವ ದೇಶದ ಯಾವ ವಿಮಾನದಿಂದ ಬಿಚ್ಚಿದವು ಎಂದು ಅಂದೇ ಪಟ್ಟಿ ಹೊರಬಿದ್ದಿದ್ದರೆ ಎರಡನೆಯ ಲಾರಿ ಹೊರಡುತ್ತಿತ್ತೇ ಎಂದು ನನಗೆ ಅನುಮಾನ.

ಹವ್ಯಾಸವನ್ನೇ ನಿಲ್ಲಿಸಿ ಎನ್ನುತ್ತಿಲ್ಲ. ಅಂಗೋಲಾಕ್ಕೆ ಹೋದ ಸುಖೋಯ್‌ಗಳ ಕಥೆ ಬರೆಯಲಿ, ಟೂಸಾನ್‌ನ ಮರುಭೂಮಿಯಲ್ಲಿ ನಿಂತವನ್ನು ಎಣಿಸಲಿ, ಅವು ಯಾರ ಜೀವಕ್ಕೂ ಕುತ್ತಲ್ಲ. ಉತ್ತರ ಮ್ಯಾಸಿಡೋನಿಯಾ 2001ರಲ್ಲಿ ಉಕ್ರೇನಿನಿಂದ ಕೊಂಡ ನಾಲ್ಕು ಸುಖೋಯ್-25ಗಳು 2022ರಲ್ಲಿ ಮತ್ತೆ ಉಕ್ರೇನಿಗೇ ಹೋದವು. ಅದರ ಪೂರ್ತಿ ಲೆಕ್ಕವೂ ಯುದ್ಧ ಮುಗಿದ ಮೇಲೆ ಬರಲಿ. ಈ ವಾರ ಯಾವ ನೆಲೆಯಲ್ಲಿ ಯಾವ ಸಂಖ್ಯೆಯ ವಿಮಾನ ಹಾರಲಾರದೆ ನಿಂತಿದೆ ಎಂಬುದನ್ನು ಈ ವಾರವೇ ಪ್ರಕಟಿಸುವ ಆತುರಕ್ಕೆ ಮಾತ್ರ ನನ್ನ ತಕರಾರು.